ಒಂದು ಅಡ್ಡಗೆರೆಯ ಕಥೆ: ಮುಚ್ಚಿದ್ದ ಪಿಎಚ್‌ಪಿ ಬಾಗಿಲು 12 ವರ್ಷದ ನಂತರ ತೆರೆದದ್ದು ಹೇಗೆ?

2024ರ ಜೂನ್ 6ರಂದು ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯ ಮೂರು ಹೊಸ ಆವೃತ್ತಿಗಳು ಒಟ್ಟಿಗೆ ಬಿಡುಗಡೆಯಾದವು: 8.3.8, 8.2.20 ಮತ್ತು 8.1.29. ಒಂದು ಗಂಭೀರ ಭದ್ರತಾ ಲೋಪವನ್ನು ಸರಿಪಡಿಸಲಾಗಿದೆ, ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ ಎಂಬುದು ಅದರ ಸಂದೇಶ. ಈ ಸಂದೇಶವನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಓದಿದವರು ದಾಳಿಕೋರರು. ಎರಡೇ ದಿನ, ಜೂನ್ 8ರ ಹೊತ್ತಿಗೆ ‘ಟೆಲ್‌ಯುದಪಾಸ್’ ಎಂಬ ರ್‍ಯಾನ್ಸಮ್‌ವೇರ್ ಅದೇ ದಾರಿಯಲ್ಲಿ ಸರ್ವರ್‌ಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಲು ಶುರು ಮಾಡಿತ್ತು.

ಪಿಎಚ್‌ಪಿ ಹೆಸರು ಕೇಳದವರೂ ದಿನಾ ಅದನ್ನು ಬಳಸುತ್ತಿರುತ್ತಾರೆ. ರಾಸ್ಮಸ್ ಲರ್ಡಾರ್ಫ್ ತನ್ನ ಸ್ವಂತ ಪುಟಕ್ಕೆಂದು ಬರೆದುಕೊಂಡು 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಾಧನ ಇದು. ಕನ್ನಡ ವಿಕಿಪೀಡಿಯವೂ ಸೇರಿದಂತೆ ಇಡೀ ವಿಕಿಪೀಡಿಯ ಇದರ ಮೇಲೆಯೇ ನಿಂತಿದೆ. ಜಗತ್ತಿನ ಜಾಲತಾಣಗಳ ಪೈಕಿ ಶೇ. 40ಕ್ಕೂ ಹೆಚ್ಚು ಓಡುವುದು ವರ್ಡ್‌ಪ್ರೆಸ್‌ನಲ್ಲಿ, ಅದೂ ಪಿಎಚ್‌ಪಿಯೇ. ಸುಲಭ, ಉಚಿತ, ಅಗ್ಗದ ಹೋಸ್ಟಿಂಗ್‌ನಲ್ಲೂ ಸಿಗುತ್ತದೆ. ಸಣ್ಣ ಸಂಸ್ಥೆಗಳು ಇದನ್ನು ಆರಿಸಿಕೊಂಡರೆ ಅದರಲ್ಲಿ ತಪ್ಪೇನಿಲ್ಲ.

ಈಗ ಆ ಲೋಪದ ವಿಷಯಕ್ಕೆ ಬರೋಣ. ಪಿಎಚ್‌ಪಿಯನ್ನು ಓಡಿಸುವ ಹಳೆಯ ವಿಧಾನವೊಂದಿದೆ, ಹೆಸರು ಸಿಜಿಐ. ಇದರಲ್ಲಿ ವೆಬ್ ವಿಳಾಸದ ಪ್ರಶ್ನೆ ಚಿಹ್ನೆಯ ನಂತರ ಬರೆದದ್ದು ಕೆಲವು ಸಂದರ್ಭಗಳಲ್ಲಿ ನೇರವಾಗಿ ಪಿಎಚ್‌ಪಿ ಪ್ರೋಗ್ರಾಂನ ಕೈಗೆ ಹೋಗುತ್ತದೆ. ಅಡ್ಡಗೆರೆಯಿಂದ, ಅಂದರೆ ಹೈಫನ್‌ನಿಂದ ಶುರುವಾದದ್ದನ್ನು ಅದು ‘ನನಗೆ ಕೊಟ್ಟ ಆಜ್ಞೆ’ ಅಂತ ತಿಳಿದುಕೊಳ್ಳುತ್ತದೆ. ಅಂದರೆ ದಾರಿಹೋಕನೊಬ್ಬ ವಿಳಾಸದ ಕೊನೆಗೆ ಎರಡಕ್ಷರ ಸೇರಿಸಿ ಸರ್ವರ್‌ಗೇ ಹುಕುಂ ಕೊಡಬಹುದು.

2012ರ ಜನವರಿಯಲ್ಲಿ ಇದನ್ನು ಪತ್ತೆ ಹಚ್ಚಿದ್ದು ‘ಐಂಡ್‌ಬಾಜನ್’ ಎಂಬ ಡಚ್ ತಂಡ. ಗೋವಾದಲ್ಲಿ ನಡೆಯುವ ನಲ್‌ಕಾನ್ ಭದ್ರತಾ ಸಮ್ಮೇಳನದ ಹ್ಯಾಕಿಂಗ್ ಸ್ಪರ್ಧೆಯಲ್ಲಿ ಆಡುತ್ತಿದ್ದಾಗ ಅದು ಅವರ ಕಣ್ಣಿಗೆ ಬಿತ್ತು. ತಂಡದವರು ಗುಟ್ಟಾಗಿ ಪಿಎಚ್‌ಪಿ ಬಳಗಕ್ಕೆ ತಿಳಿಸಿದರು. ದುರಸ್ತಿ ಸಿದ್ಧವಾಗುವ ಮೊದಲೇ, ಮೇ ತಿಂಗಳಲ್ಲಿ ಆ ವರದಿ ಕೈತಪ್ಪಿನಿಂದ ಬಹಿರಂಗವಾಯಿತು. ಗಡಿಬಿಡಿಯಲ್ಲಿ ಹೊರಬಂದ ಮೊದಲ ದುರಸ್ತಿ ಸಾಲಲಿಲ್ಲ. ಕೆಲವೇ ದಿನಗಳಲ್ಲಿ ಎರಡನೆಯದು ಬಂತು. ವಿಳಾಸದ ಆ ಭಾಗ ಅಡ್ಡಗೆರೆಯಿಂದ ಶುರುವಾದರೆ ತಡೆದುಬಿಡುವುದು ಅದರ ಉಪಾಯ. ಬಾಗಿಲು ಮುಚ್ಚಿತು ಎಂದೇ ಎಲ್ಲರೂ ಭಾವಿಸಿದರು.

ಹನ್ನೆರಡು ವರ್ಷದ ನಂತರ ತೈವಾನ್‌ನ ಡೆವ್‌ಕೋರ್ ಸಂಸ್ಥೆಯ ಸಂಶೋಧಕ ಆರೆಂಜ್ ತ್ಸಾಯ್ ಗಮನಿಸಿದ್ದು ಇನ್ನೊಂದು ಅಡ್ಡಗೆರೆಯನ್ನು. ಸಾಲಿನ ಕೊನೆಯಲ್ಲಿ ಪದ ಮುರಿಯಲು ಬಳಸುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ‘ಸಾಫ್ಟ್ ಹೈಫನ್’ ಅದು. ಪಿಎಚ್‌ಪಿಯ ಕಾವಲುಗಾರ ಅದನ್ನು ಬೇರೆ ಅಕ್ಷರ ಎಂದು ಒಳಗೆ ಬಿಡುತ್ತಾನೆ. ಆದರೆ ವಿಂಡೋಸ್‌ಗೊಂದು ಹಳೆ ಚಾಳಿ: ತನ್ನ ಅಕ್ಷರಪಟ್ಟಿಯಲ್ಲಿ ಇಲ್ಲದ ಚಿಹ್ನೆ ಬಂದರೆ ಅದಕ್ಕೆ ಹತ್ತಿರದ್ದನ್ನು ತಾನೇ ಹಾಕಿಬಿಡುತ್ತದೆ. ಹಾಗೆ ಕಾವಲು ದಾಟಿದ ಮೇಲೆ ಸಾಫ್ಟ್ ಹೈಫನ್ ನಿಜವಾದ ಹೈಫನ್ ಆಗುತ್ತದೆ. ವೇಷ ಮರೆಸಿ ಗೇಟು ದಾಟಿದವ ಅಂಗಳದಲ್ಲಿ ವೇಷ ಕಳಚಿದ ಹಾಗೆ! ಸಾಂಪ್ರದಾಯಿಕ ಚೀನೀ, ಸರಳೀಕೃತ ಚೀನೀ ಮತ್ತು ಜಪಾನಿ ಭಾಷೆಯ ವಿಂಡೋಸ್‌ಗಳಲ್ಲಿ ಇದು ನಡೆಯುವುದು ಖಚಿತವಾಯಿತು. ಉಳಿದ ಭಾಷೆಗಳವು ಸುರಕ್ಷಿತ ಎಂಬ ಭರವಸೆಯನ್ನು ಡೆವ್‌ಕೋರ್ ಕೊಡಲಿಲ್ಲ.

ಅಪಾಯದ ಅಳತೆಯಲ್ಲಿ ಇದಕ್ಕೆ ಸಿಕ್ಕಿದ್ದು 10ರಲ್ಲಿ 9.8. ಕಾಲೇಜು ಹುಡುಗರು ಪಿಎಚ್‌ಪಿ ಕಲಿಯಲು ಇನ್‌ಸ್ಟಾಲ್ ಮಾಡುವ ಝಾಂಪ್ ಇದೆಯಲ್ಲ, ಈ ಭಾಷೆಗಳ ವಿಂಡೋಸ್‌ನಲ್ಲಿ ಅದನ್ನು ಹಾಗೇ ಇನ್‌ಸ್ಟಾಲ್ ಮಾಡಿದರೂ ದಾಳಿಗೆ ಬಲಿಯಾಗುತ್ತಿತ್ತು. ಅದು ಕಲಿಕೆಗೆ, ಅಭಿವೃದ್ಧಿಗೆ ಮಾತ್ರ, ನಿಜವಾದ ಸೈಟ್ ಓಡಿಸಲು ಅಲ್ಲ ಎಂದು ಅದನ್ನು ಮಾಡಿದವರೇ ಹೇಳಿದ್ದಾರೆ. ಆದರೂ ‘ಕೆಲಸ ನಡೀತದಲ್ಲ’ ಅಂತ ಅದನ್ನೇ ನೆಟ್‌ಗೆ ತೆರೆದಿಡುವವರಿದ್ದಾರೆ.

ಇದೆಲ್ಲ ತಾಂತ್ರಿಕ ಸಂಗತಿ, ಮುಖ್ಯ ವಿಷಯ ಬೇರೆಯೇ ಇದೆ. ಆ ಜೂನ್ ದುರಸ್ತಿ ಬಂದದ್ದು ಮೂರು ಆವೃತ್ತಿಗಳಿಗೆ ಮಾತ್ರ. ಪಿಎಚ್‌ಪಿ 8.0, 7 ಮತ್ತು 5ರಲ್ಲೂ ಇದೇ ಲೋಪವಿತ್ತು. ಅವುಗಳ ಅವಧಿ ಮುಗಿದಿದ್ದರಿಂದ ಮದ್ದೇ ಬರಲಿಲ್ಲ. 7.4ರ ಬೆಂಬಲ ನಿಂತದ್ದು 2022ರ ನವೆಂಬರ್‌ನಲ್ಲಿ, 5.6ರದ್ದು 2018ರ ಕೊನೆಗೆ. ದುರಸ್ತಿ ಸಿಕ್ಕವರಲ್ಲೂ ಹಾಕಿಕೊಳ್ಳದೆ ಉಳಿದವರಿದ್ದರು: 2025ರ ಜನವರಿಯಿಂದ ಜಪಾನ್‌ನ ಸಂಸ್ಥೆಗಳ ಮೇಲೆ ಇದೇ ಲೋಪ ಬಳಸಿ ದಾಳಿ ನಡೆದಿದೆ ಎಂದು ಸಿಸ್ಕೊದ ಟಾಲೋಸ್ ತಂಡ ವರದಿ ಮಾಡಿತು. ಬೀಗ ಮಾರುಕಟ್ಟೆಗೆ ಬಂದು ಏಳು ತಿಂಗಳಾಗಿತ್ತು!

ಹಾಗಾದರೆ ಪಿಎಚ್‌ಪಿಯೇ ಕೆಟ್ಟದ್ದೇ? ಟೆಕ್ ವಲಯದಲ್ಲಿ ಈ ಗೇಲಿ ಹಳೆಯದು, ಒಂದು ಕಾಲಕ್ಕೆ ಅದರಲ್ಲಿ ಹುರುಳೂ ಇತ್ತು. ಬಳಕೆದಾರ ಕಳಿಸಿದ್ದೆಲ್ಲ ತಾನಾಗಿ ಪ್ರೋಗ್ರಾಂನ ವೇರಿಯಬಲ್ ಆಗಿಬಿಡುವ ಸೌಲಭ್ಯ ಅದರಲ್ಲಿತ್ತು. 2002ರಲ್ಲಿ ಅದನ್ನು ಆಫ್ ಮಾಡಿದರು, ಪೂರ್ತಿ ತೆಗೆದದ್ದು 2012ರಲ್ಲಿ. 2021ರ ಮಾರ್ಚ್‌ನಲ್ಲಂತೂ ಯಾರೋ ಪಿಎಚ್‌ಪಿಯ ಸ್ವಂತ ಸರ್ವರ್‌ನಲ್ಲಿದ್ದ ಮೂಲ ಕೋಡ್‌ಗೇ ಲರ್ಡಾರ್ಫ್ ಹೆಸರಿನಲ್ಲೇ ಹಿಂಬಾಗಿಲು ಸೇರಿಸಿದ್ದರು. ಬಿಡುಗಡೆಯಾಗುವ ಮೊದಲೇ ಸಿಕ್ಕಿಬಿತ್ತು. ಆ ಮೇಲೆ ಕೋಡನ್ನೆಲ್ಲ ಗಿಟ್‌ಹಬ್‌ಗೆ ಸಾಗಿಸಿದರು. ಇವತ್ತಿನ ಪಿಎಚ್‌ಪಿ ಬಹಳ ಸುಧಾರಿಸಿದೆ. ಆದರೆ ಓಡುತ್ತಿರುವ ಸೈಟುಗಳೆಲ್ಲ ಇವತ್ತಿನ ಪಿಎಚ್‌ಪಿಯಲ್ಲಿಲ್ಲ.

ಊರಿನ ಶಾಲೆ, ಸಂಘ, ಟ್ರಸ್ಟ್‌ಗಳ ಸೈಟ್‌ಗಳು ಹುಟ್ಟುವುದು ಹೇಗೆಂದು ಎಲ್ಲರೂ ಬಲ್ಲರು. ಪರಿಚಯದ ಹುಡುಗನೊಬ್ಬ ಪದವಿ ಓದುವಾಗ ಮಾಡಿಕೊಡುತ್ತಾನೆ, ಉದ್ಘಾಟನೆಯ ಫೋಟೋ ಬರುತ್ತದೆ. ಹುಡುಗ ದುಬೈಗೋ ಬೆಂಗಳೂರಿಗೋ ಹೋಗುತ್ತಾನೆ, ಪಾಸ್‌ವರ್ಡ್ ಅವನ ಜೊತೆಗೇ ಹೋಗುತ್ತದೆ. ಸೈಟ್ ಮಾತ್ರ ಅದೇ ಆವೃತ್ತಿಯಲ್ಲಿ ಓಡುತ್ತಲೇ ಇರುತ್ತದೆ. ಮುಖಪುಟ ಹಾಳಾದರೆ ದೊಡ್ಡ ನಷ್ಟವೇನಿಲ್ಲ. ಆದರೆ ಅದೇ ಸರ್ವರ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳಿದ್ದರೆ? ಮಕ್ಕಳ ಆಧಾರ್ ಪ್ರತಿ, ತಾಯಂದಿರ ಬ್ಯಾಂಕ್ ಪಾಸ್‌ಬುಕ್, ಮೊಬೈಲ್ ನಂಬರ್? ಅರ್ಜಿ ಹಾಕಿದವರಿಗೆ ಅವು ಎಲ್ಲಿವೆ ಅನ್ನುವುದೇ ಗೊತ್ತಿರುವುದಿಲ್ಲ.

ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಹೋಸ್ಟಿಂಗ್ ಖಾತೆ ಸಂಸ್ಥೆಯ ಹೆಸರಿನಲ್ಲಿರಬೇಕು, ಹುಡುಗನ ಜಿಮೇಲ್‌ನಲ್ಲಲ್ಲ. ಕಂಟ್ರೋಲ್ ಪ್ಯಾನಲ್‌ನಲ್ಲಿ ಪಿಎಚ್‌ಪಿ ಆವೃತ್ತಿ ನೋಡಲು ಐದು ನಿಮಿಷ ಸಾಕು. ಕೆಲಸ ಮುಗಿದ ಅರ್ಜಿಗಳನ್ನು ಸರ್ವರ್‌ನಿಂದ ತೆಗೆಯಲು ಒಂದು ಸಂಜೆ. ಅಂದು ದುರಸ್ತಿ ಸಿಕ್ಕಿದ 8.1ರ ಅವಧಿಯೂ 2025ರ ಡಿಸೆಂಬರ್ 31ಕ್ಕೆ ಕೊನೆ. 8.2ಕ್ಕೆ ಇರುವುದು 2026ರ ಡಿಸೆಂಬರ್ 31ರ ತನಕ.