ಬನ್ನಿಯ ದೂರದ ನೆಂಟ

ಮಕ್ಕಳೇ, ದಸರೆಯ ದಿನ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಎನ್ನುತ್ತಾ ಹಿರಿಯರ ಕಾಲಿಗೆ ಬೀಳುತ್ತೀರಲ್ಲ, ಆ ಎಲೆಯ ಮರವನ್ನು ನೋಡಿದ್ದೀರಾ? ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದೊಳಗಿಂದ ಬಂಗಾರ ತೆಗೆಯುತ್ತಾರೆ. ನೆಲದ ಮೇಲಿನ ಬಂಗಾರ ನಮಗೆ ಈ ಬನ್ನಿಯೇ.

ಬನ್ನಿಗೆ ಒಬ್ಬ ದೂರದ ನೆಂಟನಿದ್ದಾನೆ. ಅವನು ಬಳ್ಳಾರಿ ಜಾಲಿ! ಸಸ್ಯಶಾಸ್ತ್ರಜ್ಞರು ಬಹುಕಾಲ ಇವೆರಡನ್ನೂ 'ಪ್ರೊಸೋಪಿಸ್' ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. ಬರಡು ನೆಲ ಹಸಿರಾಗಲಿ, ಉರುವಲು ಸಿಗಲಿ ಎಂದು 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ತಂದರು. ಉರುವಲೇನೋ ಸಿಕ್ಕಿತು, ಎಷ್ಟೋ ಬಡವರ ಒಲೆ ಇವತ್ತಿಗೂ ಅದರಿಂದಲೇ ಉರಿಯುತ್ತದೆ. ಆದರೆ ಬಂದ ನೆಂಟ ಮನೆಯನ್ನೇ ತುಂಬಿಕೊಂಡ.

ಹೇಗೆ ಅಂತೀರಾ? ಅದರ ಕಾಯಿ ಸಿಹಿ. ಆಡು, ದನ ತಿನ್ನುತ್ತವೆ. ಬೀಜ ಸಗಣಿ, ಹಿಕ್ಕೆಯ ಜೊತೆ ಹೊಲ, ಹಳ್ಳ, ಕೆರೆಯಂಗಳ ಸೇರಿ ಮೊಳೆಯುತ್ತದೆ. ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಪೊದೆ ದಟ್ಟವಾದಲ್ಲಿ ಹುಲ್ಲು ಕಡಿಮೆಯಾಗುತ್ತದೆ. ಬಯಲಲ್ಲಿ ಮೇದು, ನೆಗೆದು ಓಡುವ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಬಯಲೇ ಇಲ್ಲದಂತಾಗುತ್ತದೆ.

ಬನ್ನಿಯ ಗುಣ ಬೇರೆ. ಬೇರು ಆಳಕ್ಕೆ ಇಳಿಯುತ್ತದೆ, ಮಣ್ಣಿಗೆ ಸಾರಜನಕ ಸೇರುತ್ತದೆ. ರಾಜಸ್ಥಾನದ ರೈತರು ಇದನ್ನು ಹೊಲದ ನಡುವೆಯೇ ಉಳಿಸಿಕೊಂಡು ಸುತ್ತ ಸಜ್ಜೆ ಬೆಳೆಯುತ್ತಾರೆ. ಅಲ್ಲಿ ಇದರ ಹೆಸರು ಖೇಜಡಿ, ಅದು ಆ ರಾಜ್ಯದ ಮರ.

ಇಬ್ಬರನ್ನೂ ಗುರುತಿಸುವುದು ಸುಲಭ. ಮುಟ್ಟಬೇಡಿ, ಕಣ್ಣಿಂದ ನೋಡಿ. ಬಳ್ಳಾರಿ ಜಾಲಿಯ ಉದ್ದನೆಯ ಮುಳ್ಳು ಎಲೆ ಹುಟ್ಟುವ ಗೆಣ್ಣಿನಲ್ಲಿರುತ್ತದೆ. ಬನ್ನಿಯ ಮುಳ್ಳು ಗಿಡ್ಡ. ಗೆಣ್ಣುಗಳ ನಡುವೆ ಅಲ್ಲಲ್ಲಿ ಇರುತ್ತದೆ. ಇನ್ನು ನಮ್ಮ ಕರಿಜಾಲಿಯನ್ನು ಹೂವಿನಿಂದ ತಿಳಿಯಿರಿ: ಹಳದಿ ಗುಂಡು ಚೆಂಡು. ಕಾಯಿಯೋ, ಮಣಿ ಪೋಣಿಸಿದ ಸರದ ಹಾಗೆ.

ಅಜ್ಜ, ಅಜ್ಜಿಯರೇ, ಇನ್ನು ನಿಮ್ಮ ಸರದಿ. ಯಾವ ಮರದಿಂದ ಬಂಡಿಯ ಗಾಲಿ, ಯಾವುದರಿಂದ ಕುಂಟೆ, ಯಾವ ಕಾಯಿ ಆಡಿಗೆ ಇಷ್ಟ ಎಂಬುದು ನಿಮಗೆ ಬಾಯಿಪಾಠ. ಸಿಂಧನೂರು ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಎರೆಹೊಲ ಭತ್ತದ ಗದ್ದೆಯಾಯಿತು. ಬದುವಿನ ಮೇಲಿನ ಗಿಡಗಳನ್ನು ಕಂಡ ಕಣ್ಣು ನಿಮ್ಮವು. ನೀವು ಹೇಳದಿದ್ದರೆ ಮರಕ್ಕಿಂತ ಮೊದಲು ಅದರ ಹೆಸರು ಹೋಗುತ್ತದೆ.

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಧರ್ಮದ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂದು ಅದರಲ್ಲಿದೆ. ಗಿಡಮರದ ಮಾತೂ ಹಾಗೆ ಎಲ್ಲರ ಕಿವಿಗೂ ಬೀಳಲಿ.

ಮಕ್ಕಳೇ, ಈ ವಾರದ ಕೆಲಸ: ಗುರುಗಳನ್ನು ಕೇಳಿ, ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಶಾಲೆಗೆ ಕರೆಯಿರಿ. ಅರ್ಧ ಗಂಟೆ ಸಾಕು. ಉದುರಿದ ಐದು ಎಲೆ, ಐದು ಕಾಯಿ ಮುಂದಿಡಿ. ಅವರು ಹೇಳಿದ ಹೆಸರನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಮುಂದಿನ ದಸರೆಗೆ ಬನ್ನಿಯ ಟೊಂಗೆ ಮುರಿಯದೆ ಎಲೆಯಷ್ಟೇ ಬಿಡಿಸಿಕೊಳ್ಳಿ. ಒಂದು ಸಸಿಯನ್ನೂ ನೆಡಿ.