ಚೈನು ಉಜ್ಜಿದರೆ ಯಾರನ್ನು ಕರೆಯಬೇಕು?

ನಮ್ಮ ಹಾರನಹಳ್ಳಿಯಲ್ಲಿ ಹೆಣ್ಣುಮಕ್ಕಳು ಸೈಕಲ್ ತುಳಿದರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹೆಣ್ಣುಮಗಳೊಬ್ಬಳು ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಕೈಗೆ ಗ್ರೀಸು ಬಳಿದುಕೊಂಡು, ಸೈಕಲ್ಲಿನ ಚೈನು ನೋಡುತ್ತಿದ್ದರೆ ಮಾತ್ರ ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ: "ಯಾಕಮ್ಮ, ಮನೇಲಿ ಗಂಡಸರು ಯಾರೂ ಇಲ್ವಾ?" ನನ್ನ ಜಗಳವೆಲ್ಲ ಈ ಪ್ರಶ್ನೆಯ ಜೊತೆಗೇ.

ಹಾಸನದಲ್ಲಿ ಓದುವ ನನ್ನ ತಂಗಿಯ ಮಗಳು ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಒಂದು ಹಳೆಯ ರೋಡ್ ಸೈಕಲ್ ಕೊಂಡಳು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ಮುಂದೆ ಎರಡು ಹಲ್ಲುಚಕ್ರ, ಹಿಂದೆ ಎಂಟು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರು ಇಂಥ ಸೈಕಲ್ಲಿನಲ್ಲೇ ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು. ತಿಂಗಳೊಳಗೆ ಮುಂದಿನ ಚಕ್ರಗಳ ನಡುವೆ ಚೈನು ಚರಚರ ಉಜ್ಜತೊಡಗಿತು. ಪೇಟೆಯ ಅಂಗಡಿಯೊಂದಕ್ಕೆ ಅಣ್ಣನ ಜೊತೆ ಒಯ್ದಳು. ಅಂಗಡಿಯಾತ ಸೈಕಲ್ ಓಡಿಸುವವಳ ಮುಖವನ್ನೇ ನೋಡದೆ ಅಣ್ಣನಿಗೆ ಹೇಳಿದ್ದು ಇಷ್ಟು: ಎರಡೂ ಚಕ್ರ, ಚೈನು, ಎಲ್ಲ ಬದಲಾಯಿಸಬೇಕು, ನಾಲ್ಕು ಸಾವಿರ. ಮನೆಯಲ್ಲಿ ತೀರ್ಮಾನವಾಯಿತು: "ಮಾರಿಬಿಡು. ಹೆಣ್ಣುಮಗೂಗೆ ಇದೆಲ್ಲ ಎಲ್ಲಿ ನಿಭಾಯಿಸೋಕಾಗುತ್ತೆ?"

ಮಾರುವ ಮುಂಚೆ ಒಮ್ಮೆ ತುಳಿಯಲೆಂದು ದಸರಾ ರಜೆಗೆ ಅದನ್ನು ನಮ್ಮಲ್ಲಿಗೆ ತಂದಳು. "ದೊಡ್ಡಮ್ಮ, ಈ ಸದ್ದು ಕೇಳಿದರೆ ನಾನೇ ಏನೋ ಕೆಡಿಸಿದೆ ಅನ್ನಿಸುತ್ತೆ" ಎಂದಾಗ ಅವಳ ಕಣ್ಣು ತುಂಬಿತ್ತು.

ನಾನು ಸೈಕಲ್ ತಜ್ಞೆಯಲ್ಲ. ಆದರೆ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ದಾರ ಗಂಟಾದರೆ ಯಂತ್ರ ಮಾರುತ್ತೇವೆಯೇ? ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ಕಾಲು ಸುತ್ತು ತಿರುಗಿಸಿ ನೋಡುತ್ತೇವೆ. ಹಾಗೆಯೇ ಸೀಟನ್ನು ಜಗಲಿಯ ತೊಲೆಗೆ ಹಗ್ಗದಿಂದ ನೇತುಹಾಕಿ, ಹಿಂದಿನ ಚಕ್ರ ನೆಲ ಬಿಟ್ಟಮೇಲೆ, ಕೈಯಲ್ಲಿ ಪೆಡಲ್ ತಿರುಗಿಸುತ್ತ ಒಂದೊಂದೇ ಗೇರ್ ಹಾಕಿ ಇಬ್ಬರೂ ಕಣ್ಣಿಟ್ಟು ನೋಡಿದೆವು.

ಚೈನು ಮುಂದಿನ ಚಿಕ್ಕ ಚಕ್ರದಲ್ಲೂ ಹಿಂದಿನ ಅತಿ ಚಿಕ್ಕ ಚಕ್ರದಲ್ಲೂ ಇದ್ದಾಗ ಮಾತ್ರ ಸದ್ದು! ಕಾರಣ ಕಣ್ಣೆದುರೇ ಇತ್ತು. ಮುಂದಿನ ಚಿಕ್ಕದು ಒಳಮಗ್ಗುಲಲ್ಲಿ, ಹಿಂದಿನ ಚಿಕ್ಕದು ಹೊರಮಗ್ಗುಲ ತುದಿಯಲ್ಲಿ. ಚೈನು ಓರೆಯಾಗಿ ಹೋಗಬೇಕಾದ್ದರಿಂದ ಪಕ್ಕದ ದೊಡ್ಡ ಚಕ್ರದ ಒಳಮೈಗೆ ತಾಗುತ್ತಿತ್ತು. ಅದು ಕೆಟ್ಟದ್ದಲ್ಲ, ಆ ಜೋಡಿ ಬಳಸುವುದಕ್ಕಲ್ಲ, ಅಷ್ಟೇ. ಹಲ್ಲು ಎಣಿಸಿದೆವು. ಮುಂದೆ 34, ಹಿಂದೆ 11: ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು 3.1 ಸುತ್ತು. ದೊಡ್ಡ ಚಕ್ರದ 50ಕ್ಕೆ ಹಿಂದಿನ 17 ಹಾಕಿದರೆ ಸುಮಾರು 2.9 ಸುತ್ತು, ಅದೂ ಚೈನು ಹೆಚ್ಚುಕಡಿಮೆ ನೇರವಾಗಿ, ಸದ್ದಿಲ್ಲದೆ. ನಾಲ್ಕು ಸಾವಿರದ ರೋಗಕ್ಕೆ ಮದ್ದು, ಬೆರಳಲ್ಲಿ ಎರಡು ಬಾರಿ ಗೇರ್ ಬದಲಿಸುವುದು!

ಎಲ್ಲ ಸದ್ದೂ ಹೀಗೇ ಎನ್ನುತ್ತಿಲ್ಲ. ತಾಗುವುದು ಚಕ್ರಕ್ಕಲ್ಲದೆ ಚೈನು ದೂಡುವ ಡಿರೇಲರ್‌ನ ತಗಡಿಗಾದರೆ, ಕೇಬಲ್ಲಿನ ಬಿಗಿಯನ್ನೋ ಅದರ ಮಿತಿಯ ಸ್ಕ್ರೂವನ್ನೋ ಕಾಲು ಸುತ್ತು ಸರಿಮಾಡಬೇಕು. ಪೆಡಲ್ಲಿನ ಒಂದೊಂದು ಸುತ್ತಿಗೆ ಒಂದೇ ಸಲ ಉಜ್ಜಿದರೆ ಹಲ್ಲುಚಕ್ರ ಬಾಗಿರಬಹುದು. ಹಿಂದಿನ ನಡುವಿನ ಚಕ್ರಗಳಲ್ಲೂ ಉಜ್ಜಿದರೆ ಮುಂದಿನ ಚಕ್ರಗಳ ಬೋಲ್ಟು ಸಡಿಲವೋ, ಚಿಕ್ಕ ಚಕ್ರವನ್ನು ತಿರುವುಮುರುವಾಗಿ ಕೂರಿಸಿದ್ದಾರೋ, ಆ ಸೈಕಲ್ಲಿಗೆ ಅಗಲವಾದ ಚೈನು ಹಾಕಿದ್ದಾರೋ ನೋಡಬೇಕು. ಆಗ ಮೆಕ್ಯಾನಿಕ್ ಬೇಕೇ ಬೇಕು. ಆದರೆ ನೋಡಿ, ತಿಳಿದು ಹೋದವಳನ್ನು ಅವನು ಬಾಯಿಗೆ ಬಂದ ಲೆಕ್ಕ ಹೇಳಿ ಕಳಿಸಲಾರ.

ಗೇರ್ ಸೈಕಲ್ ನಮಗೆಲ್ಲಿ ಎನ್ನಬೇಡಿ. ನಿಮ್ಮ ಮಗಳ ಸಾದಾ ಲೇಡೀಸ್ ಸೈಕಲ್ಲಿನ ಚೈನು ಜೋತುಬಿದ್ದು ಕವರಿಗೆ ಬಡಿಯುತ್ತಿಲ್ಲವೇ? ಹಿಂದಿನ ಚಕ್ರದ ಎರಡೂ ನಟ್ ಸಡಿಲಿಸಿ, ಚಕ್ರವನ್ನು ನೇರವಾಗಿ ಹಿಂದಕ್ಕೆಳೆದು, ಬೆರಳಿನಿಂದ ಒತ್ತಿದರೆ ಚೈನು ಸುಮಾರು ಅರ್ಧ ಇಂಚು ಆಡುವಂತೆ ಬಿಟ್ಟು ನಟ್ ಬಿಗಿ ಮಾಡಿದರೆ ಆಯಿತು. ಒಂದು ಸ್ಪ್ಯಾನರಿನ ಕೆಲಸ.

ಆ ಸ್ಪ್ಯಾನರನ್ನೇ ನಾವು ಹುಡುಗಿಯರ ಕೈಗೆ ಕೊಡಲಿಲ್ಲ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಅದರಿಂದ ಎಷ್ಟೋ ಹುಡುಗಿಯರು ಹೈಸ್ಕೂಲು ಮುಟ್ಟಿದರು, ಆ ಉಪಕಾರ ದೊಡ್ಡದು. ಕೋವಿಡ್ ಬಂದ ಮೇಲೆ ವಿತರಣೆ ನಿಂತುಹೋಯಿತು. ಆದರೆ ಅದಕ್ಕೂ ಮುಂಚೆಯೇ ನಮ್ಮ ಸುತ್ತಿನ ತೆಂಗಿನ ತೋಟದ ಮನೆಗಳ ಹಿಂದೆ ಚೈನು ಕಳಚಿಕೊಂಡ ಸೈಕಲ್ಲುಗಳು ತುಕ್ಕು ಹಿಡಿದು ಒರಗಿದ್ದನ್ನು ನಾನು ಕಂಡಿದ್ದೇನೆ. ಅಣ್ಣನಿಗೆ ಬಿಡುವಾಗಲಿ ಎಂದು ಕಾದು ಕಾದು ಹುಡುಗಿ ಮತ್ತೆ ನಡೆಯತೊಡಗಿದ್ದಳು. ಪಕ್ಕದ ತಮಿಳುನಾಡಿನ ಪುದುಕ್ಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಅಕ್ಷರದ ಜೊತೆ ಸೈಕಲ್ ಯಾಕೆ? ಬೇಕಾದಲ್ಲಿಗೆ ಯಾರನ್ನೂ ಕಾಯದೆ ಹೋಗುವುದೂ ಒಂದು ವಿದ್ಯೆ ಎಂಬುದಕ್ಕೆ. ಕೆಟ್ಟ ಸೈಕಲ್ಲಿನ ಪಕ್ಕ ಅಣ್ಣನಿಗಾಗಿ ಕಾಯುವವಳಿಗೆ ಆ ವಿದ್ಯೆ ಅರ್ಧವೇ ಬಂದಂತೆ.

"ಕೈ ಕೊಳೆಯಾಗುತ್ತೆ" ಎನ್ನುವವರಿಗೆ ಒಂದು ಮಾತು. ಮಸಿ ಹಿಡಿದ ಬಾಣಲೆ ಉಜ್ಜುವಾಗ, ಕೂಸಿನ ಬಟ್ಟೆ ಒಗೆಯುವಾಗ ನಮ್ಮ ಕೈಯ ಚಿಂತೆ ಯಾರಿಗೂ ಬರುವುದಿಲ್ಲ. ಗ್ರೀಸು ಮುಟ್ಟಿದಾಗ ಮಾತ್ರ ಬರುತ್ತದೆ. ಅದು ಕೈಯ ಚಿಂತೆಯಲ್ಲ ಅಕ್ಕಂದಿರೇ, ಕೈ ಮೀರಿ ಹೋದೀತೆಂಬ ಚಿಂತೆ!

ಅವತ್ತು ಸಂಜೆ ಅವಳು 1235ರ ಸುಮಾರಿನ ನಮ್ಮೂರ ಚೆನ್ನಕೇಶವ ಗುಡಿಯವರೆಗೆ ತುಳಿದು, ಅಲ್ಲಿಂದ ಅರಸೀಕೆರೆ ರಸ್ತೆ ಹಿಡಿದಳು. ಕತ್ತಲಾಗುವ ಮುಂಚೆ ತಿರುಗಿ ಬಂದು, "ಒಂದು ಸಲ ಉಜ್ಜಿತು ದೊಡ್ಡಮ್ಮ, ನಾನೇ ಗೇರ್ ಬದಲಿಸಿದೆ" ಎಂದಳು. ಸೈಕಲ್ ಮಾರುವ ಮಾತು ಅಲ್ಲಿಗೆ ನಿಂತಿತು. ನಮ್ಮ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಚಿಕ್ಕ ಸ್ಕ್ರೂಡ್ರೈವರ್ ಅವಳ ಚೀಲ ಸೇರಿತು. ನಿಮ್ಮ ಪೆಟ್ಟಿಗೆಯಲ್ಲೂ ಒಂದು ಇದ್ದೀತು. ಮಗಳಿಗೆ ಕೊಡಿ.