ಹೊಲಿಗೆ ಹಾಕಿದ ಮೇಲೆ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಗರ್ಭ ನಿಂತ 28 ದಿನಗಳೊಳಗೆ ಭ್ರೂಣದ ನರಕೊಳವೆ ಮುಚ್ಚಿಕೊಳ್ಳಬೇಕು. ತಲೆಯ ಕಡೆ ಮುಚ್ಚದಿದ್ದರೆ ಮೆದುಳಿನ ಬಹುಭಾಗವಾಗಲಿ ತಲೆಬುರುಡೆಯಾಗಲಿ ಬೆಳೆಯುವುದಿಲ್ಲ, ಇದು ಅನೆನ್ಸೆಫಲಿ. ಬೆನ್ನಿನ ಕಡೆ ಮುಚ್ಚದಿದ್ದರೆ ಬೆನ್ನುಹುರಿ ಚೀಲದಂತೆ ಹೊರಗೆ ಉಬ್ಬಿರುತ್ತದೆ, ಇದು ಮೈಲೊಮೆನಿಂಗೊಸೀಲ್. ಬಸುರಿ ಗ್ರಹಣದಲ್ಲಿ ಹೊರಗೆ ಬಂದಳೆಂಬ ದೂರಿಗೂ ಇದಕ್ಕೂ ಸಂಬಂಧವಿಲ್ಲ.

ಅನೆನ್ಸೆಫಲಿಯ ಮಗು ಜೀವಂತ ಹುಟ್ಟಿದರೂ ಸಾಮಾನ್ಯವಾಗಿ ಕೆಲವು ಗಂಟೆ ಅಥವಾ ಕೆಲವು ದಿನವಷ್ಟೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ ಬಟ್ಟೆ, ತಲೆಗೊಂದು ಟೋಪಿ, ತಾಯಿಯ ಮಡಿಲು. ಹೆದರುತ್ತಾಳೆಂದು ಮಗುವನ್ನು ತೋರಿಸದೆ ಒಯ್ಯುವುದು ಕರುಣೆಯಲ್ಲ. ನೋಡುವುದು ಬಿಡುವುದು ಅವಳ ಇಷ್ಟ. ಮಗು ಹೋದ ಮೇಲೂ ಎದೆಹಾಲು ಇಳಿಯುತ್ತದೆ, ಆ ಬಾಣಂತಿಗೂ ಆರೈಕೆ ಬೇಕು.

ಬೆನ್ನಿನ ಚೀಲದ ಮಗುವಿನ ಮಾತೇ ಬೇರೆ. ಸಲೈನಿನಲ್ಲಿ ನೆನೆಸಿದ ಶುದ್ಧ ಗಾಜ್ ಬಟ್ಟೆಯಿಂದ ಚೀಲ ಮುಚ್ಚಿ, ಮಗುವನ್ನು ಬೋರಲು ಮಲಗಿಸಿ ಶಸ್ತ್ರಚಿಕಿತ್ಸೆಗೆ ಕಳಿಸುವುದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಇಂಥ ಮಕ್ಕಳಲ್ಲಿ ಲೇಟೆಕ್ಸ್ ಅಲರ್ಜಿ ಹೆಚ್ಚಾದ್ದರಿಂದ ಲೇಟೆಕ್ಸ್ ಗ್ಲೌಸ್ ಬೇಡ. ಸೋಂಕು ಮೆದುಳಿನ ಪೊರೆಗೆ ಏರದಂತೆ 72 ಗಂಟೆಯೊಳಗೆ ಹೊಲಿಗೆ ಬೀಳಬೇಕು. ಹಲವರಿಗೆ ತಲೆಯಲ್ಲಿ ನೀರು ತುಂಬಿ, ಅದನ್ನು ಹರಿಸುವ ಶಂಟ್ ಎಂಬ ಕೊಳವೆ ಹಾಕಬೇಕಾಗುತ್ತದೆ. ಶಂಟ್ ಕಟ್ಟಿಕೊಂಡರೆ ವಾಂತಿ, ಮಂಪರು, ನೆತ್ತಿಯ ಉಬ್ಬು ಕಾಣುತ್ತವೆ. ಇದನ್ನು ಮನೆಗೆ ಕಳಿಸುವ ಮುನ್ನ ಹೆತ್ತವರಿಗೆ ತಿಳಿಹೇಳಬೇಕು.

ಹೊಲಿಗೆಯಿಂದ ಸತ್ತ ನರ ಚಿಗುರುವುದಿಲ್ಲ. ಕಾಲಿನ ಬಲಹೀನತೆ ಎಲ್ಲರಿಗೂ ಕಾಣುತ್ತದೆ, ಮೂತ್ರಕೋಶದ್ದು ಕಾಣುವುದಿಲ್ಲ. ಪೂರ್ತಿ ಖಾಲಿಯಾಗದ ಮೂತ್ರ ಹಿಮ್ಮುಖವಾಗಿ ಒತ್ತಿ ವರ್ಷಗಳಲ್ಲಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂರು-ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯುವುದು ಇದಕ್ಕೆ ಮದ್ದು. ಕೈ ತೊಳೆದು ಮಾಡಿದರೆ ಸಾಕು, ತಾಯಿಯೂ ಕಲಿಯಬಹುದು, ಮುಂದೆ ಮಗುವೇ ಕಲಿಯಬಹುದು. ಮಕ್ಕಳ ತೊಂದರೆಗಳನ್ನು ಪತ್ತೆಹಚ್ಚಿ ಚಿಕಿತ್ಸೆ ಕೊಡಿಸುವ 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ನರಕೊಳವೆ ದೋಷವಿದೆ. ಶಸ್ತ್ರಚಿಕಿತ್ಸೆಯ ಬಿಲ್ಲಿನಷ್ಟೇ ಮಹತ್ವ ತಿಂಗಳು ತಿಂಗಳೂ ಮನೆ ಸೇರಬೇಕಾದ ಈ ಅಗ್ಗದ ಕ್ಯಾಥೆಟರ್ ಕೊಳವೆಗೂ ಇದೆ. ಇಲಾಖೆ ಅದನ್ನು ಔಷಧದಂತೆಯೇ ವಿತರಿಸುವುದು ಸೂಕ್ತ.

ಮುಟ್ಟು ನಿಂತದ್ದು ಗೊತ್ತಾಗುವ ಹೊತ್ತಿಗೆ 28 ದಿನ ಹತ್ತಿರ ಬಂದಿರುತ್ತದೆ. ಹಾಗಾಗಿ ನರಕೊಳವೆ ದೋಷ ತಡೆಯಲು ಗರ್ಭಕ್ಕೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕು. ಇಂಥ ಮಗುವನ್ನು ಒಮ್ಮೆ ಹೆತ್ತವಳಿಗೆ ಅದರ ಸುಮಾರು ಹತ್ತು ಪಟ್ಟು ಬೇಕು. ಬ್ರಿಟನ್ನಿನ 1991ರ ಪ್ರಯೋಗದಲ್ಲಿ ಆ ಪ್ರಮಾಣ ಮರುಕಳಿಕೆಯನ್ನು ಶೇ. 72ರಷ್ಟು ತಗ್ಗಿಸಿತು. ಈ ಗುಳಿಗೆಯನ್ನು ಮಗುವಿನ ಡಿಸ್‌ಚಾರ್ಜ್ ಚೀಟಿಯಲ್ಲೇ, ತಾಯಿಯ ಹೆಸರಿನ ಮುಂದೆ ಬರೆಯಬೇಕು.